ಡಿಜಿಟಲ್ ಲೇಖನಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು



ಮೊಬೈಲ್, ಟ್ಯಾಬ್ಲೆಟ್ ಮತ್ತು ಕಂಪ್ಯೂಟರ್‌ಗಳ ಪರದೆಯ ಮೇಲೆ ಬರೆಯಲು, ಚಿತ್ರ ಬಿಡಿಸಲು ಬಳಸುವ ಲೇಖನಿಗೆ ಸ್ಟೈಲಸ್ ಎಂದು ಹೆಸರು. ಪಾಠದ ಟಿಪ್ಪಣಿ ಬರೆದುಕೊಳ್ಳುವುದಕ್ಕೂ, ಜೀವಶಾಸ್ತ್ರದ ಚಿತ್ರ ಬಿಡಿಸುವುದಕ್ಕೂ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೇಖಾಚಿತ್ರದ ಕರಡು ಹಾಕುವುದಕ್ಕೂ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಅಂಗಡಿಯಲ್ಲಾಗಲಿ, ಆನ್‌ಲೈನ್ ಮಾರಾಟದಲ್ಲಾಗಲಿ, ಇದೇ ಹೆಸರಿನಲ್ಲಿ ನೂರು ರೂಪಾಯಿಯ ವಸ್ತುವೂ ಇದೆ, ಹತ್ತು ಸಾವಿರ ರೂಪಾಯಿ ದಾಟಿದ ವಸ್ತುವೂ ಇದೆ. ನೋಡಲು ಎರಡೂ ಒಂದೇ ರೀತಿ ಕಾಣುತ್ತವೆ. ‘ಕಬ್ಬಿನ ಹಣ ಬರಲಿ, ಕೊಡಿಸುತ್ತೇನೆ’ ಎನ್ನುವ ಪಾಂಡವಪುರದ ಅಥವಾ ಕೆ.ಆರ್.ಪೇಟೆಯ ಮನೆಯಲ್ಲಿ, ಕೆಲಸಕ್ಕೆ ಬಾರದ ಲೇಖನಿಗೆ ಹೋದ ಎರಡು ಸಾವಿರ ರೂಪಾಯಿ ಸಣ್ಣ ನಷ್ಟವಲ್ಲ. ಆದ್ದರಿಂದ ಇದನ್ನು ಆರಿಸುವ ಬಗೆ ಹೇಗೆ ಎಂಬುದನ್ನು ಇಂದು ವಿಚಾರ ಮಾಡೋಣ.

ಕಂಟ ಮತ್ತು ಓಲೆಗರಿ

ಸ್ಟೈಲಸ್ ಎಂಬ ಪದ ನಮಗೆ ಹೊಸದಿರಬಹುದು, ವಸ್ತು ಹೊಸದಲ್ಲ. ಓಲೆಗರಿಯ ಮೇಲೆ ಬರೆಯುತ್ತಿದ್ದ ಕಬ್ಬಿಣದ ಮೊನೆಯ ಸಾಧನಕ್ಕೆ ಕನ್ನಡದಲ್ಲಿ ಕಂಟ ಎಂದು ಹೆಸರಿತ್ತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿರುವ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಓಲೆಗರಿ ಹಸ್ತಪ್ರತಿಗಳ ಸಂಗ್ರಹವಿದೆ. ಆ ಗರಿಗಳ ಮೇಲಿನ ಅಕ್ಷರಗಳು ಶಾಯಿಯಿಂದ ಬರೆದವಲ್ಲ; ಕಂಟದಿಂದ ಕೊರೆದವು. ಕೊರೆದ ಮೇಲೆ ಮಸಿಯನ್ನು ತಿಕ್ಕಿ ಒರೆಸಿದರೆ ಗೀರುಗಳಲ್ಲಿ ಮಾತ್ರ ಕಪ್ಪು ಉಳಿದು ಅಕ್ಷರ ಕಾಣಿಸುತ್ತಿತ್ತು. ನೇರ ಗೆರೆ ಎಳೆದರೆ ಗರಿ ನಾರಿನ ಉದ್ದಕ್ಕೆ ಸೀಳುವ ಭಯವಿದ್ದುದರಿಂದಲೇ ದಕ್ಷಿಣ ಭಾರತದ ಲಿಪಿಗಳು ದುಂಡಗಾದವು ಎಂದು ಹೇಳುವವರೂ ಉಂಟು.

ಈ ಹಳೆಯ ವಿಷಯವನ್ನು ಇಲ್ಲಿ ನೆನೆಯಲು ಕಾರಣವಿದೆ. ಕಂಟದಿಂದ ಕಾಗದದ ಮೇಲೆ ಬರೆದರೆ ಕಾಗದ ಹರಿಯುತ್ತದೆ. ಕಡತದ ಕಪ್ಪು ಬಟ್ಟೆಗೆ ಬಳಪವೇ ಬೇಕು, ಸ್ಲೇಟಿಗೆ ಕಡ್ಡಿಯೇ ಬೇಕು. ಲೇಖನಿ ಮತ್ತು ಬರೆಯುವ ಮೈ ಯಾವಾಗಲೂ ಜೋಡಿ. ಡಿಜಿಟಲ್ ಲೇಖನಿಯ ವಿಷಯದಲ್ಲೂ ಮೊದಲ ನಿಯಮ ಇದೇ ಆಗಿದೆ. ‘ಯಾವ ಲೇಖನಿ ಒಳ್ಳೆಯದು?’ ಎಂದು ಕೇಳುವ ಮೊದಲು ‘ನನ್ನ ಬಳಿ ಇರುವ ಪರದೆ ಯಾವುದು?’ ಎಂದು ಕೇಳಿಕೊಳ್ಳಬೇಕು.

ಪರದೆಗೆ ಬೆರಳು ತಿಳಿಯುವುದು ಹೇಗೆ?

ಸಾಮಾನ್ಯ ಮೊಬೈಲ್ ಪರದೆಯ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ವಾಹಕ ಗೆರೆಗಳ ಬಲೆಯಿದೆ. ಅಲ್ಲಿ ಸಣ್ಣ ವಿದ್ಯುತ್ ಕ್ಷೇತ್ರವೊಂದು ಸದಾ ಇರುತ್ತದೆ. ನಮ್ಮ ದೇಹ ವಿದ್ಯುತ್ ವಾಹಕ. ಬೆರಳು ಮುಟ್ಟಿದಾಗ ಆ ಜಾಗದಲ್ಲಿ ಕ್ಷೇತ್ರ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಯಂತ್ರ ಬೆರಳಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ಪ್ಲಾಸ್ಟಿಕ್ ಪೆನ್ನಿನ ತುದಿಯಿಂದ ಮುಟ್ಟಿದರೆ ಏನೂ ಆಗದಿರುವುದು ಇದೇ ಕಾರಣಕ್ಕೆ.

ನೂರರಿಂದ ಮುನ್ನೂರು ರೂಪಾಯಿಗೆ ಸಿಗುವ, ರಬ್ಬರ್ ತುದಿಯ ಲೇಖನಿ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಅದು ಒಂದು ರೀತಿಯಲ್ಲಿ ಕೃತಕ ಬೆರಳು. ಬೆರಳಿಗೆಂದು ಮಾಡಿದ ಪರದೆ ಅದನ್ನು ಗುರುತಿಸಬೇಕಾದರೆ ತುದಿ ದಪ್ಪವಾಗಿರಬೇಕು. ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ ಬರೆಯುವವರಿಗೆ ಇದು ಹೇಗೋ ಸಾಕಾಗಬಹುದು. ಕನ್ನಡಕ್ಕೆ ಸಾಲದು. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ ಬರುತ್ತದೆ, ಮೇಲೆ ಗುಡಿಸು ಬರುತ್ತದೆ, ಪಕ್ಕದಲ್ಲಿ ದೀರ್ಘ ಬರುತ್ತದೆ. ಒಂದೇ ಅಕ್ಷರದ ಜಾಗದಲ್ಲಿ ಮೂರು ಅಂತಸ್ತು. ದಪ್ಪ ತುದಿ ತಾನು ಬರೆಯುತ್ತಿರುವ ಜಾಗವನ್ನೇ ಮರೆಮಾಡುವುದರಿಂದ ಒತ್ತು ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ.

ಇನ್ನೊಂದು ಬಗೆಯದು ಸುಮಾರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ‘ಎಲ್ಲ ಮೊಬೈಲಿಗೂ ಹೊಂದುತ್ತದೆ’ ಎಂದು ಮಾರಾಟವಾಗುತ್ತದೆ. ಇದರೊಳಗೆ ಬ್ಯಾಟರಿ ಇದ್ದು, ಸಣ್ಣ ತುದಿಯಿಂದಲೇ ಬೆರಳಿನಂತಹ ಸಂಕೇತವನ್ನು ಹೊರಡಿಸುತ್ತದೆ. ಗೆರೆ ಸ್ವಲ್ಪ ಸೂಕ್ಷ್ಮವಾಗಿ ಬರುತ್ತದೆ, ನಿಜ. ಆದರೆ ಪರದೆಯ ಪಾಲಿಗೆ ಇದೂ ಬೆರಳೇ. ಬರೆಯುವಾಗ ಅಂಗೈ ಪರದೆಗೆ ತಾಗಿದರೆ ಅಲ್ಲೂ ಗೆರೆ ಬೀಳುತ್ತದೆ. ಒತ್ತಿ ಬರೆದರೂ, ಹಗುರವಾಗಿ ಬರೆದರೂ ಗೆರೆ ಒಂದೇ ದಪ್ಪ.

ನಿಜವಾದ ಜೋಡಿ ಲೇಖನಿಗಳು

ಪರದೆಗೂ ಲೇಖನಿಗೂ ಒಪ್ಪಂದವಿರುವ ಬಗೆಗಳು ಬೇರೆ. ಇವುಗಳಲ್ಲಿ ಮುಖ್ಯವಾಗಿ ಮೂರು ಕುಟುಂಬಗಳನ್ನು ನೀವು ತಿಳಿದಿರಬೇಕು.

ಮೊದಲನೆಯದು ವಿದ್ಯುತ್ಕಾಂತೀಯ ಅನುರಣನ ವಿಧಾನ. ಜಪಾನಿನ ವಾಕಾಮ್ ಕಂಪನಿ ಇದಕ್ಕೆ ಹೆಸರಾದುದು. ಪರದೆಯ ಹಿಂದೆ ಇರುವ ವಿಶೇಷ ಪದರ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಲೇಖನಿಯೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಆದ್ದರಿಂದ ಬರೆಯಲು ಲೇಖನಿಗೆ ಬ್ಯಾಟರಿಯೇ ಬೇಡ. ಸ್ಯಾಮ್‌ಸಂಗ್ 2011ರಲ್ಲಿ ಗ್ಯಾಲಕ್ಸಿ ನೋಟ್ ಜೊತೆ ತಂದ ಎಸ್ ಪೆನ್ ಈ ಬಗೆಯದು. ಕರೆಂಟು ಕೈಕೊಡುವ ಊರುಗಳಲ್ಲಿ ಇದೊಂದು ಅನುಕೂಲ. ಆದರೆ ಅದೇ ಕಂಪನಿಯ ಕಡಿಮೆ ಬೆಲೆಯ ಹಲವು ಟ್ಯಾಬ್ಲೆಟ್‌ಗಳಲ್ಲಿ ಆ ಪದರವೇ ಇಲ್ಲ ಎಂಬುದನ್ನು ಗಮನಿಸಬೇಕು. ಪದರವಿಲ್ಲದ ಟ್ಯಾಬ್ಲೆಟ್‌ಗೆ ಈ ಲೇಖನಿ ತಂದರೆ ಅದು ಬರಿಯ ಕಡ್ಡಿ.

ಎರಡನೆಯದು ಆಪಲ್ ಪೆನ್ಸಿಲ್. ಇದು ಐಪ್ಯಾಡ್‌ಗೆ ಮಾತ್ರ. ಅದರಲ್ಲೂ 2015ರ ಮೊದಲ ಮಾದರಿ, 2018ರ ಎರಡನೆಯ ಮಾದರಿ, 2023ರ ಯುಎಸ್‌ಬಿ-ಸಿ ಮಾದರಿ, 2024ರ ಪ್ರೊ ಮಾದರಿ ಎಂದು ನಾಲ್ಕು ಇವೆ. ಯಾವ ಐಪ್ಯಾಡ್‌ಗೆ ಯಾವ ಪೆನ್ಸಿಲ್ ಎಂಬುದಕ್ಕೆ ಕಂಪನಿಯೇ ಪಟ್ಟಿ ಕೊಟ್ಟಿದೆ. 2023ರ ಮಾದರಿಗೆ ಬೆಲೆ ಕಡಿಮೆ, ಆದರೆ ಒತ್ತಡವನ್ನು ಅದು ಅಳೆಯುವುದಿಲ್ಲ. ಟಿಪ್ಪಣಿಗೆ ಇದರಿಂದ ತೊಂದರೆಯಿಲ್ಲ. ಚಿತ್ರ ಬಿಡಿಸುವವರಿಗೆ ಇದು ದೊಡ್ಡ ಕೊರತೆ.

ಮೂರನೆಯದು ಹಲವು ಕಂಪನಿಗಳ ಯಂತ್ರಗಳಿಗೆ ಹೊಂದುವ ಸಾಮಾನ್ಯ ಮಾನದಂಡಗಳು. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಪೆನ್ ಪ್ರೋಟೋಕಾಲ್, ಕ್ರೋಮ್‌ಬುಕ್‌ಗಳಲ್ಲಿ ಯುಎಸ್‌ಐ ಎಂಬ ಹೆಸರುಗಳನ್ನು ಕಾಣುತ್ತೀರಿ. ಒಂದರ ಲೇಖನಿ ಇನ್ನೊಂದಕ್ಕೆ ನಡೆಯಲೇಬೇಕೆಂದಿಲ್ಲ. ಆದ್ದರಿಂದ ಯಂತ್ರದ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಇವಲ್ಲದೆ, ಪರದೆಯಿಲ್ಲದ ರೇಖಾಫಲಕ ಎಂಬ ಸಾಧನವೂ ಉಂಟು. ಕಪ್ಪು ಹಲಗೆಯಂತಹ ಇದನ್ನು ಮನೆಯ ಅಥವಾ ಕಾಲೇಜಿನ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಬಹುದು. ಹಲಗೆಯ ಮೇಲೆ ಬರೆದರೆ ಗೆರೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ ಇರುವುದನ್ನು ರೂಢಿ ಮಾಡಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಆದರೂ ಕೆಲವೇ ಸಾವಿರ ರೂಪಾಯಿಯಲ್ಲಿ ಒತ್ತಡ ಅಳೆಯುವ ಒಳ್ಳೆಯ ಲೇಖನಿ ಸಿಗುವುದು ಇಲ್ಲಿಯೇ. ಚಿತ್ರ ಕಲಿಯಬೇಕು, ಹಣ ಕಡಿಮೆ, ಕಂಪ್ಯೂಟರ್ ಈಗಾಗಲೇ ಇದೆ ಎನ್ನುವವರು ಹೊಸ ಟ್ಯಾಬ್ಲೆಟ್‌ಗೆ ಆಸೆಪಡುವ ಮೊದಲು ಇದನ್ನು ಯೋಚಿಸಬಹುದು.

ಟಿಪ್ಪಣಿಗೆ ಏನು, ಚಿತ್ರಕ್ಕೆ ಏನು?

ಜಾಹೀರಾತುಗಳಲ್ಲಿ ‘4096 ಒತ್ತಡದ ಹಂತಗಳು’, ‘8192 ಹಂತಗಳು’ ಎಂಬ ಸಂಖ್ಯೆಗಳನ್ನು ನೋಡುತ್ತೀರಿ. ಟಿಪ್ಪಣಿ ಬರೆಯುವವರಿಗೆ ಈ ಸಂಖ್ಯೆ ಮುಖ್ಯವಲ್ಲ. ಅವರಿಗೆ ಬೇಕಾದದ್ದು ಎರಡು. ಒಂದು, ಅಂಗೈಯನ್ನು ಪರದೆಯ ಮೇಲೆ ಊರಿದರೂ ಅದು ಲೇಖನಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು, ತುದಿ ಓಡಿದ ಹಿಂದೆಯೇ ಗೆರೆ ಮೂಡಬೇಕು. ಗೆರೆ ತಡವಾಗಿ ಬಂದರೆ ಅಕ್ಷರ ಕೆಡುತ್ತದೆ. ಅಧ್ಯಾಪಕರ ಮಾತು ಮುಂದೆ ಹೋಗಿರುತ್ತದೆ.

ಚಿತ್ರ ಬಿಡಿಸುವವರಿಗೆ ಇನ್ನೂ ಎರಡು ಬೇಕು: ಒತ್ತಡದ ಅರಿವು ಮತ್ತು ಓರೆಯ ಅರಿವು. ಕೆ.ಆರ್.ಪೇಟೆಯ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ಮಕರ, ಹಂಸಗಳ ಸಾಲನ್ನು ನೋಡಿ. ಅಲ್ಲಿನ ಬಳ್ಳಿಯೊಂದನ್ನು ಬಿಡಿಸಬೇಕಾದರೆ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದರಲ್ಲೇ ಅದರ ಜೀವ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರ ಕುದುರೆಗಳನ್ನು ಅಭ್ಯಾಸ ಮಾಡುವವರಿಗೆ ಒಂದೇ ದಪ್ಪದ ಗೆರೆ ಸಾಕಾಗುವುದಿಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಎತ್ತರದ ಕಂಬಕ್ಕೆ ನೆರಳು ಹಚ್ಚುವಾಗ ಪೆನ್ಸಿಲನ್ನು ಓರೆ ಹಿಡಿಯುತ್ತೇವಲ್ಲ, ಓರೆಯ ಅರಿವಿರುವ ಲೇಖನಿ ಅದನ್ನೇ ಮಾಡುತ್ತದೆ.

ಒಂದು ಎಚ್ಚರಿಕೆ. ರಂಗನತಿಟ್ಟಿನಲ್ಲಿ ಹಕ್ಕಿಗಳನ್ನು ನೋಡಿ ಬಿಡಿಸುತ್ತೇನೆಂದು ಬಿಸಿಲಿನಲ್ಲಿ ಟ್ಯಾಬ್ಲೆಟ್ ತೆರೆದರೆ, ಕಾಣುವುದು ಹೆಚ್ಚಾಗಿ ನಿಮ್ಮ ಮುಖವೇ. ಬಯಲಿನ ಕೆಲಸಕ್ಕೆ ಈಗಲೂ ಪೆನ್ಸಿಲು, ಕಾಗದಗಳೇ ಮೇಲು.

ಅಂಗಡಿಯಲ್ಲಿ ಪರೀಕ್ಷೆ

ಸಾಧ್ಯವಾದರೆ ಬರೆದು ನೋಡದೆ ಕೊಳ್ಳಬೇಡಿ. ಅದಕ್ಕೆ ನಮ್ಮ ನಾಲ್ಕು ಊರುಗಳ ಹೆಸರೇ ಸಾಕು. ನೋಟುಪುಸ್ತಕದಲ್ಲಿ ಬರೆಯುವಷ್ಟೇ ಸಣ್ಣದಾಗಿ, ಅಂಗೈ ಊರಿ ಬರೆಯಿರಿ. ‘ಶ್ರೀರಂಗಪಟ್ಟಣ’ದಲ್ಲಿ ರಕಾರದ ಒತ್ತೂ ಟಕಾರದ ಒತ್ತೂ ಬೇರೆಬೇರೆಯಾಗಿ ಕಾಣಬೇಕು. ‘ಪಾಂಡವಪುರ’ದಲ್ಲಿ ಪಕಾರ, ವಕಾರಗಳು ಒಂದೇ ಆಗಬಾರದು. ‘ಕೃಷ್ಣರಾಜಪೇಟೆ’ಯ ಷ್ಣ ಕಲಸಿಹೋಗಬಾರದು. ‘ನಾಗಮಂಗಲ’ದ ಸೊನ್ನೆ ಸೊನ್ನೆಯಾಗಿಯೇ ಮುಚ್ಚಬೇಕು. ಆಮೇಲೆ ಒಂದು ಓರೆ ಗೆರೆಯನ್ನು ನಿಧಾನವಾಗಿ ಎಳೆಯಿರಿ. ಕೈ ನಡುಗದಿದ್ದರೂ ಗೆರೆ ಹಾವಿನಂತೆ ಅಂಕುಡೊಂಕಾದರೆ ಆ ಜೋಡಿ ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಇದ್ದರೆ ತುದಿ ಒಂದು ಕಡೆ, ಗೆರೆ ಒಂದು ಕಡೆ ಕಾಣುತ್ತದೆ, ಅದನ್ನೂ ನೋಡಿ.

ಬೆಲೆಯ ಜೊತೆಗೆ ಬರುವ ಖರ್ಚನ್ನೂ ಕೇಳಿ. ತುದಿ ಸವೆಯುತ್ತದೆ, ಬದಲಿ ತುದಿ ಸಿಗುತ್ತದೆಯೇ? ಕಾಗದದಂತೆ ಒರಟಾದ ಹಾಳೆಯನ್ನು ಪರದೆಗೆ ಅಂಟಿಸಿದರೆ ಬರವಣಿಗೆ ಹಿತ, ಆದರೆ ತುದಿ ಬೇಗ ಸವೆಯುತ್ತದೆ. ಹಿಂದಿರುಗಿಸುವ ಅವಕಾಶ ಎಷ್ಟು ದಿನ? ರಸೀದಿಯನ್ನು ತಪ್ಪದೆ ಪಡೆಯಿರಿ.

ಪರೀಕ್ಷೆ ಇನ್ನೂ ಕಾಗದದ ಮೇಲೆ

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಈ ಲೇಖನಿ ನಿಮಗೆ ಬೇಕೇ?

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳನ್ನು ನೀವು ಬರೆಯುವುದು ಕಾಗದದ ಮೇಲೆ, ಪೆನ್ನಿನಿಂದ, ಗಂಟೆಗಟ್ಟಲೆ ಕುಳಿತು. ಗಾಜಿನ ಮೇಲೆ ತುದಿ ಜಾರುತ್ತದೆ. ತಪ್ಪಾದರೆ ಒಂದು ತಟ್ಟಿಗೆ ಅಳಿಸಿಹೋಗುತ್ತದೆ. ಕಾಗದ ಹಾಗಲ್ಲ. ವರ್ಷವಿಡೀ ಗಾಜಿನ ಮೇಲೆಯೇ ಬರೆದ ಕೈ ಪರೀಕ್ಷೆಯ ದಿನ ಬೇಗ ಸೋಲಬಹುದು. ಆದ್ದರಿಂದ ಟಿಪ್ಪಣಿ ಎಲ್ಲಿಯೇ ಇರಲಿ, ಉತ್ತರ ಬರೆಯುವ ಅಭ್ಯಾಸ ಕಾಗದದ ಮೇಲೆಯೇ ನಡೆಯಲಿ.

ಕೈಬರಹದ ಟಿಪ್ಪಣಿ ಕೀಲಿಮಣೆಯ ಟಿಪ್ಪಣಿಗಿಂತ ಮೇಲೆಂದು 2014ರಲ್ಲಿ ಅಮೆರಿಕದ ಮ್ಯೂಲರ್ ಮತ್ತು ಒಪ್ಪನ್‌ಹೈಮರ್ ಎಂಬ ಸಂಶೋಧಕರು ಬರೆದರು. ಕೀಲಿಮಣೆಯವರು ಕೇಳಿದ್ದನ್ನೆಲ್ಲ ಹಾಗೆಯೇ ಇಳಿಸಿಕೊಳ್ಳುತ್ತಾರೆ, ಕೈಯಿಂದ ಬರೆಯುವವರು ಆರಿಸಿ ಬರೆಯುತ್ತಾರೆ ಎಂಬುದು ಅವರ ವಾದ. ಅದೇ ಪ್ರಯೋಗವನ್ನು ಆಮೇಲೆ ಮತ್ತೆ ಮಾಡಿದವರಿಗೆ ಫಲ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು: ಸಾಧನ ಯಾವುದೇ ಆಗಲಿ, ಕೇಳಿ, ಯೋಚಿಸಿ, ನಿಮ್ಮ ಮಾತಿನಲ್ಲಿ ಬರೆದರೆ ಅದು ಟಿಪ್ಪಣಿ; ಇಲ್ಲದಿದ್ದರೆ ಅದು ನಕಲು.

ಕೊನೆಯದಾಗಿ, ಬರೆದುದನ್ನು ಕಾಪಾಡುವ ಮಾತು. ಕೌಟಿಲ್ಯನ ಅರ್ಥಶಾಸ್ತ್ರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಓಲೆಗರಿಯ ರೂಪದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆಯಿತು, 1909ರಲ್ಲಿ ಅದು ಅಚ್ಚಾಯಿತು. ಗರಿ ಶಿಥಿಲವಾಗುವ ಮೊದಲು ಯಾರೋ ಮತ್ತೊಂದು ಗರಿಗೆ ನಕಲು ಮಾಡುತ್ತ ಬಂದುದರಿಂದಲೇ ಇಂತಹ ಗ್ರಂಥಗಳು ಉಳಿದವು. ನಿಮ್ಮ ಟ್ಯಾಬ್ಲೆಟ್‌ನ ಟಿಪ್ಪಣಿಗೂ ಇದೇ ನ್ಯಾಯ. ಟ್ಯಾಬ್ಲೆಟ್ ಕೆಳಗೆ ಬಿದ್ದು ಒಡೆಯಬಹುದು, ಬಸ್ಸಿನಲ್ಲಿ ಕಳೆದುಹೋಗಬಹುದು, ಆ್ಯಪ್ ನಿಂತುಹೋಗಬಹುದು. ವಾರಕ್ಕೊಮ್ಮೆ ಟಿಪ್ಪಣಿಗಳನ್ನು ಪಿಡಿಎಫ್ ರೂಪಕ್ಕೆ ತಂದು ಬೇರೆ ಕಡೆ ಒಂದು ಪ್ರತಿ ಇಡಿ.

ಹಾಗಾದರೆ ಇಂದಿನ ಮಾತಿನ ಸಾರ ಇಷ್ಟು. ಮೊದಲು ಪರದೆಯನ್ನು ಅರಿಯಿರಿ, ಆಮೇಲೆ ಲೇಖನಿಯನ್ನು ಆರಿಸಿ. ಟಿಪ್ಪಣಿಗೆ ಅಂಗೈ ಊರುವ ಅನುಕೂಲ, ಚಿತ್ರಕ್ಕೆ ಒತ್ತಡದ ಅರಿವು ನೋಡಿ. ಬರೀ ಮೊಬೈಲ್ ಇದ್ದು ಅದರಲ್ಲಿ ಲೇಖನಿಯ ಪದರವಿಲ್ಲದಿದ್ದರೆ, ಆ ಹಣದಲ್ಲಿ ಒಳ್ಳೆಯ ನೋಟುಪುಸ್ತಕಗಳನ್ನೂ ನಾಲ್ಕು ಪೆನ್ಸಿಲುಗಳನ್ನೂ ಕೊಳ್ಳಿ. ಬರೆದ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅದೂ ಡಿಜಿಟಲ್ ಟಿಪ್ಪಣಿಯೇ. ಅದರಲ್ಲಿ ಕೀಳೆಂಬುದು ಏನೂ ಇಲ್ಲ.

ನಿಮ್ಮ ಬರವಣಿಗೆ ದುಂಡಾಗಲಿ, ಅಭ್ಯಾಸ ಚೆನ್ನಾಗಿ ಸಾಗಲಿ.