ಕಲ್ಲುಗಳು ನಡೆದ ದ್ವೀಪ

(ಪರಿಸರ ಅಧ್ಯಯನ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರವಾಸ ಹೊರಟ ನಾಲ್ಕು ಮಂದಿ ಸ್ನೇಹಿತರು ಒಂದು ಹಳೆಯ ಗುಡಿಯ ಜಗಲಿಯಲ್ಲೋ ಪಾಳುಕೋಟೆಯ ಬುಡದಲ್ಲೋ ಕುಳಿತರೆ ಮಾತು ತಾನಾಗಿಯೇ ಒಂದು ಕಡೆಗೆ ಹರಿಯುತ್ತದೆ. ಇದನ್ನು ಕಟ್ಟಿದವರು ಯಾರು? ಇಷ್ಟು ದೊಡ್ಡ ಕಲ್ಲನ್ನು ಎತ್ತಿದ್ದು ಹೇಗೆ? ಒಬ್ಬನು ಪಾಂಡವರು ಎನ್ನುತ್ತಾನೆ, ಇನ್ನೊಬ್ಬನು ರಾಕ್ಷಸರು ಎನ್ನುತ್ತಾನೆ, ಮೊಬೈಲಿನಲ್ಲಿ ವಿಡಿಯೊ ನೋಡಿದ ಮೂರನೆಯವನು ಬೇರೆ ಗ್ರಹದಿಂದ ಬಂದವರು ಎನ್ನುತ್ತಾನೆ. ಈ ಕುತೂಹಲ ಆರೋಗ್ಯಕರವಾದುದೇ. ಆದರೆ ಇದರೊಡನೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಇದನ್ನು ಕಟ್ಟಿದವರಿಗೆ ಅದರ ಬಗೆ ತಿಳಿದೇ ಇತ್ತಲ್ಲವೆ? ತಿಳಿದಿದ್ದವರು ಏನಾದರು? ತಿಳಿವಳಿಕೆಯಾಗಿದ್ದದ್ದು ಯಾವಾಗ, ಯಾರಿಂದಾಗಿ ‘ರಹಸ್ಯ’ವಾಯಿತು?

ಜಗತ್ತಿನ ಪ್ರಸಿದ್ಧ ಐತಿಹಾಸಿಕ ರಹಸ್ಯಗಳಲ್ಲೊಂದನ್ನು ಇಂದು ಈ ಪ್ರಶ್ನೆಯ ಬೆಳಕಿನಲ್ಲಿ ತಮ್ಮ ಮುಂದಿಡುತ್ತೇನೆ. ಅದು ದೂರದ ಶಾಂತಸಾಗರದ ಕಥೆ. ಆದರೂ ಕಾಡಿನ ಅಂಚಿನಲ್ಲಿ ಬದುಕುವ ನಾವು ಕೇಳಲೇಬೇಕಾದ ಕಥೆ.

ಕಡಲ ನಡುವಿನ ನೆಲ

ದಕ್ಷಿಣ ಅಮೆರಿಕದ ಚಿಲಿ ದೇಶದ ತೀರದಿಂದ ಪಶ್ಚಿಮಕ್ಕೆ ಸುಮಾರು 3,500 ಕಿಲೋಮೀಟರ್ ದೂರದಲ್ಲಿ ಒಂದು ತ್ರಿಕೋನಾಕಾರದ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 164 ಚದರ ಕಿಲೋಮೀಟರ್, ಅಂದರೆ ನಮ್ಮ ಒಂದು ತಾಲ್ಲೂಕಿಗಿಂತ ಬಹಳ ಚಿಕ್ಕದು. ಹತ್ತಿರದ ಜನವಸತಿಯ ದ್ವೀಪವೇ ಸುಮಾರು 2,000 ಕಿಲೋಮೀಟರ್ ಆಚೆಗಿದೆ. ಜ್ವಾಲಾಮುಖಿಗಳಿಂದ ಹುಟ್ಟಿದ ಈ ನೆಲವನ್ನು ಅಲ್ಲಿನ ಮೂಲನಿವಾಸಿಗಳು ‘ರಾಪಾ ನುಯಿ’ ಎನ್ನುತ್ತಾರೆ. 1722ರ ಏಪ್ರಿಲ್ 5ರಂದು, ಈಸ್ಟರ್ ಹಬ್ಬದ ದಿನ, ಡಚ್ ನಾವಿಕ ಯಾಕೋಬ್ ರೊಗೆವೀನ್ ಅದನ್ನು ಕಂಡನು. ಅಂದಿನಿಂದ ಹೊರಜಗತ್ತಿಗೆ ಅದು ‘ಈಸ್ಟರ್ ದ್ವೀಪ’ವಾಯಿತು.

ಅಲ್ಲಿ ಸುಮಾರು ಸಾವಿರದಷ್ಟು ಕಲ್ಲಿನ ಮೂರ್ತಿಗಳಿವೆ. ಅವುಗಳ ಹೆಸರು ‘ಮೊಆಯಿ’. ಉದ್ದನೆಯ ಮುಖ, ಮುಚ್ಚಿದ ತುಟಿ, ಎದ್ದು ಕಾಣುವ ಮೂಗು. ಸರಾಸರಿ ಎತ್ತರ ನಾಲ್ಕು ಮೀಟರ್, ಸರಾಸರಿ ತೂಕ ಹನ್ನೆರಡು ಟನ್ನಿಗೂ ಹೆಚ್ಚು. ಪೀಠದ ಮೇಲೆ ನಿಲ್ಲಿಸಿದವುಗಳಲ್ಲಿ ಅತಿ ದೊಡ್ಡದು ಎಂಬತ್ತು ಟನ್ನಿಗೂ ಮಿಗಿಲು. ಬಹುಪಾಲು ಮೂರ್ತಿಗಳನ್ನು ಕಡೆದದ್ದು ರಾನೊ ರಾರಾಕು ಎಂಬ ಒಂದೇ ಗುಡ್ಡದ ಮೆದುಗಲ್ಲಿನಲ್ಲಿ. ಸುಮಾರು ನಾನೂರು ಮೂರ್ತಿಗಳು ಇಂದಿಗೂ ಅದೇ ಗುಡ್ಡದಲ್ಲಿವೆ. ತೀರಕ್ಕೆ ಸಾಗಿಸಿದವುಗಳಲ್ಲಿ ಹೆಚ್ಚಿನವು ಕಡಲಿಗೆ ಬೆನ್ನು ಹಾಕಿ ಊರಿನತ್ತ ಮುಖ ಮಾಡಿ ನಿಂತಿದ್ದವು. ಅವು ಗತಿಸಿದ ಹಿರಿಯರ ರೂಪಗಳು. ಊರನ್ನು ಕಾಯುವ ಪಿತೃಗಳು ಊರಿನತ್ತಲೇ ನೋಡಬೇಕಲ್ಲವೆ?

‘ನಡೆದು ಬಂದವು’

ಮರಗಳೇ ಇಲ್ಲದ ಬೋಳು ನೆಲವನ್ನು ಕಂಡ ಯುರೋಪಿನ ನಾವಿಕರಿಗೆ ಈ ಮೂರ್ತಿಗಳನ್ನು ಸಾಗಿಸಿದ ಬಗೆ ಅರ್ಥವಾಗಲಿಲ್ಲ. ದ್ವೀಪದ ಜನರ ಪೂರ್ವಜರೇ ಇವನ್ನು ಮಾಡಿರಬಹುದೆಂದು ನಂಬಲು ಅನೇಕರಿಗೆ ಮನಸ್ಸೂ ಬರಲಿಲ್ಲ. ಮುಳುಗಿಹೋದ ಖಂಡವೊಂದರ ನಾಗರಿಕತೆ ಎಂದು ಕೆಲವರು ಊಹಿಸಿದರು. 1955-56ರಲ್ಲಿ ಅಲ್ಲಿ ಉತ್ಖನನ ನಡೆಸಿದ ನಾರ್ವೆಯ ಥಾರ್ ಹೆಯರ್ಡಾಲ್, ದಕ್ಷಿಣ ಅಮೆರಿಕದಿಂದ ಬಂದ ಜನ ಇವನ್ನು ನಿಲ್ಲಿಸಿದರೆಂದು ವಾದಿಸಿದನು. ಎರಿಕ್ ಫಾನ್ ಡೇನಿಕೆನ್‌ನ ಪುಸ್ತಕಗಳು ಅನ್ಯಗ್ರಹವಾಸಿಗಳವರೆಗೂ ಹೋದವು. ಭಾಷೆ, ಪುರಾತತ್ತ್ವ ಮತ್ತು ವಂಶವಾಹಿ ಅಧ್ಯಯನಗಳು ಇಂದು ಒಂದೇ ಮಾತನ್ನು ಹೇಳುತ್ತವೆ: ಮೊಆಯಿಗಳನ್ನು ಕಡೆದವರು ಪಾಲಿನೇಷ್ಯದ ದ್ವೀಪಗಳಿಂದ ದೋಣಿಗಳಲ್ಲಿ ಬಂದವರು, ಇಂದಿನ ರಾಪಾನುಯಿ ಜನರ ಪೂರ್ವಜರು.

ಸಾಗಿಸಿದ್ದು ಹೇಗೆ? ಇದಕ್ಕೆ ದ್ವೀಪದವರ ಬಳಿ ಮೊದಲಿನಿಂದಲೂ ಉತ್ತರವಿತ್ತು. ‘ಅವು ನಡೆದು ಬಂದವು’ ಎನ್ನುತ್ತಿದ್ದರು. ಕೇಳಿದವರು ನಕ್ಕು, ಅಜ್ಜಿಕಥೆಯೆಂದು ಬದಿಗಿಟ್ಟರು. 1986ರಲ್ಲಿ ಝೆಕ್ ಎಂಜಿನಿಯರ್ ಪಾವೆಲ್ ಪಾವೆಲ್ ಒಂದು ಮೂರ್ತಿಗೆ ಹಗ್ಗ ಬಿಗಿದು, ನೆಟ್ಟಗೆ ನಿಂತ ಸ್ಥಿತಿಯಲ್ಲೇ ಅದನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತ ಮುಂದಕ್ಕೆ ಸರಿಸಿ ತೋರಿಸಿದನು. ಅನಂತರ ಅಮೆರಿಕದ ಪುರಾತತ್ತ್ವಜ್ಞರಾದ ಟೆರಿ ಹಂಟ್ ಮತ್ತು ಕಾರ್ಲ್ ಲಿಪೊ, ದಾರಿಯಲ್ಲಿ ಬಿದ್ದಿರುವ ಮೂರ್ತಿಗಳ ಆಕಾರವನ್ನು ಸೂಕ್ಷ್ಮವಾಗಿ ಅಳೆದರು. ಅವುಗಳ ತಳ ಅಗಲವಾಗಿದ್ದು ಮೈ ತುಸು ಮುಂದಕ್ಕೆ ವಾಲಿರುವುದನ್ನು ಗಮನಿಸಿದರು. ಅದೇ ಆಕಾರದ, ನಾಲ್ಕು ಟನ್ನಿಗೂ ಹೆಚ್ಚು ತೂಕದ ಪ್ರತಿರೂಪವೊಂದನ್ನು ಮಾಡಿಸಿ ಹದಿನೆಂಟು ಜನರು ಮೂರು ಹಗ್ಗಗಳಿಂದ ಎಳೆದಾಗ, ಅದು ಸುಮಾರು ನಲವತ್ತು ನಿಮಿಷಗಳಲ್ಲಿ ನೂರು ಮೀಟರ್ ‘ನಡೆಯಿತು’. ಈ ವಾದವನ್ನು ಅವರು 2012ರಲ್ಲಿ ಪ್ರಕಟಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲವಾದರೂ, ನಡೆದು ಬಂದವೆಂಬ ಮಾತು ಪೊಳ್ಳಲ್ಲವೆಂಬುದು ಕಣ್ಣೆದುರೇ ತೋರಿತು.

ಕೊನೆಯ ಮರದ ಕಥೆ

ಇನ್ನು ಕಾಡಿನ ವಿಷಯ. ರಾಪಾ ನುಯಿ ಹುಟ್ಟಿನಿಂದ ಬೋಳಾಗಿರಲಿಲ್ಲ. ಕುಳಿಗೆರೆಗಳ ತಳದ ಕೆಸರಿನಲ್ಲಿ ಉಳಿದ ಪರಾಗವನ್ನು ಬ್ರಿಟನ್ನಿನ ಜಾನ್ ಫ್ಲೆನ್ಲಿ ಮತ್ತಿತರರು ಪರಿಶೀಲಿಸಿದಾಗ, ಒಂದು ಕಾಲದಲ್ಲಿ ಅಲ್ಲಿ ತಾಳೆಯ ಜಾತಿಯ ದಟ್ಟ ಕಾಡಿತ್ತೆಂಬುದು ಖಚಿತವಾಯಿತು. ಆ ತಾಳೆ ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಇದರಿಂದ ಒಂದು ನೀತಿಕಥೆ ಹುಟ್ಟಿಕೊಂಡಿತು. ಮೂರ್ತಿಗಳ ಹುಚ್ಚಿನಲ್ಲಿ ಜನರು ಮರಗಳನ್ನೆಲ್ಲ ಕಡಿದರು, ಮಣ್ಣು ಕೊಚ್ಚಿಹೋಯಿತು, ಅನ್ನಕ್ಕಾಗಿ ಪರಸ್ಪರ ಕೊಂದುಕೊಂಡರು, ಹೀಗೆ ಒಂದು ನಾಗರಿಕತೆ ಆತ್ಮಹತ್ಯೆ ಮಾಡಿಕೊಂಡಿತು. 2005ರಲ್ಲಿ ಬಂದ ಜೇರೆಡ್ ಡೈಮಂಡ್ ಅವರ ‘ಕೊಲ್ಯಾಪ್ಸ್’ ಎಂಬ ಪುಸ್ತಕದಿಂದ ಈ ಕಥೆ ಜಗತ್ತಿನಾದ್ಯಂತ ಹಬ್ಬಿತು. ಪರಿಸರ ಭಾಷಣಗಳಲ್ಲಿ, ಶಾಲೆಯ ಪಾಠಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಕೇಳಲು ಅಚ್ಚುಕಟ್ಟಾದ ಕಥೆ. ಆದರೆ ಸಾಕ್ಷ್ಯಗಳು ಅಷ್ಟು ಅಚ್ಚುಕಟ್ಟಾಗಿ ಅದರ ಹಿಂದೆ ನಿಲ್ಲುವುದಿಲ್ಲ.

ಮೊದಲನೆಯದಾಗಿ, ಕಾಡು ಹೋದದ್ದು ನಿಜ, ಅದರಲ್ಲಿ ಮನುಷ್ಯರ ಕೈವಾಡವಿದ್ದುದೂ ನಿಜ. ಬೇಸಾಯಕ್ಕಾಗಿ ಮರ ಕಡಿದರು, ಬೆಂಕಿಯಿಟ್ಟರು. ಆದರೆ ದೋಣಿಗಳಲ್ಲಿ ಜನರೊಡನೆ ಬಂದ ಪಾಲಿನೇಷ್ಯದ ಇಲಿಗಳೂ ತಾಳೆಬೀಜಗಳನ್ನು ತಿಂದು ಹೊಸ ಸಸಿ ಏಳದಂತೆ ಮಾಡಿದವು. ಇಲಿ ಕಡಿದ ಗುರುತುಳ್ಳ ಬೀಜದ ಚಿಪ್ಪುಗಳು ದ್ವೀಪದಲ್ಲಿ ಸಿಕ್ಕಿವೆ. ಮೂರ್ತಿಗಳು ಹಗ್ಗದ ಬಲದಿಂದ ನಿಂತೇ ಬಂದಿದ್ದರೆ ಉರುಳುಮರಗಳಿಗಾಗಿ ಕಾಡು ಕಡಿಯುವ ಅಗತ್ಯವೂ ಇರಲಿಲ್ಲ.

ಎರಡನೆಯದಾಗಿ, ಕಾಡು ಹೋದ ಬಳಿಕ ಜನರು ಕೈಕಟ್ಟಿ ಕುಳಿತಿರಲಿಲ್ಲ. ಹೊಲಗಳಿಗೆ ಕಲ್ಲುಚೂರುಗಳನ್ನು ಹರಡಿದರು. ಕಲ್ಲಿನ ಹೊದಿಕೆ ಗಾಳಿಯನ್ನು ತಡೆಯಿತು, ಮಣ್ಣಿನ ತೇವವನ್ನು ಹಿಡಿದಿಟ್ಟಿತು, ನಿಧಾನವಾಗಿ ಸವೆಯುತ್ತ ನೆಲಕ್ಕೆ ಸತ್ವವನ್ನೂ ಕೊಟ್ಟಿತು. ಅದರ ನಡುವೆ ಗೆಣಸು ಬೆಳೆದರು. ಅಡಿಕೆ ತೋಟದ ಬುಡಕ್ಕೆ ಸೊಪ್ಪು ಹೊದಿಸುವ ನಮ್ಮವರಿಗೆ ಈ ವಿದ್ಯೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಕಲ್ಲುಹೊಲಗಳನ್ನು ಉಪಗ್ರಹ ಚಿತ್ರಗಳ ನೆರವಿನಿಂದ ಅಳೆದ 2024ರ ಅಧ್ಯಯನವೊಂದು, ದ್ವೀಪದಲ್ಲಿ ಸುಮಾರು ಮೂರು ಸಾವಿರ ಜನ ಬದುಕಿದ್ದಿರಬಹುದೆಂದು ಅಂದಾಜಿಸಿತು. ಹತ್ತಾರು ಸಾವಿರ ಜನ ತುಂಬಿ ತುಳುಕಿ ಕುಸಿದರೆಂಬ ಕಥೆಗೆ ಇಲ್ಲಿ ಆಧಾರ ದೊರೆಯಲಿಲ್ಲ.

ಮೂರನೆಯದು ಇನ್ನೂ ಗಟ್ಟಿಯಾದ ಸಾಕ್ಷ್ಯ. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದ್ದ ಹದಿನೈದು ಮಂದಿ ಪ್ರಾಚೀನ ರಾಪಾನುಯಿ ಜನರ ಅವಶೇಷಗಳ ವಂಶವಾಹಿಗಳನ್ನು ಓದಿದ ಅಧ್ಯಯನ 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹದಿನೇಳನೆಯ ಶತಮಾನದಲ್ಲಿ ಜನಸಂಖ್ಯೆ ಕುಸಿದುದರ ಗುರುತು ಅದರಲ್ಲಿ ಕಾಣಲಿಲ್ಲ. 1860ರ ದಶಕದವರೆಗೂ ಅದು ನಿಧಾನವಾಗಿ ಬೆಳೆಯುತ್ತಲೇ ಇತ್ತು.

ಹಾಗಾದರೆ 1860ರ ದಶಕದಲ್ಲಿ ನಡೆದದ್ದೇನು?

ಕುಸಿತ ಬಂದದ್ದು ಹಡಗಿನಲ್ಲಿ

1862ರ ಕೊನೆಯಲ್ಲಿ ಪೆರುವಿನಿಂದ ಗುಲಾಮರ ಬೇಟೆಗೆ ಹೊರಟ ಹಡಗುಗಳು ದ್ವೀಪಕ್ಕೆ ಬಂದವು. ಮುಂದಿನ ಕೆಲವೇ ತಿಂಗಳುಗಳಲ್ಲಿ ಸುಮಾರು 1,500 ಮಂದಿಯನ್ನು ಹೊತ್ತೊಯ್ದವು. ಮುಖಂಡರು, ಪುರೋಹಿತರು, ಹಾಡು-ವಂಶಾವಳಿಗಳನ್ನು ಕಂಠಪಾಠ ಮಾಡಿದ್ದವರು ಅವರಲ್ಲಿದ್ದರು. ಹೆಚ್ಚಿನವರು ಅಲ್ಲಿಯೇ ಸತ್ತರು. ಪ್ರತಿಭಟನೆಗಳು ನಡೆದ ಮೇಲೆ ಹಿಂದಿರುಗಿಸಲಾದ ಬೆರಳೆಣಿಕೆಯ ಜನರೊಡನೆ ಸಿಡುಬು ದ್ವೀಪಕ್ಕೆ ಬಂದಿತು. 1877ರಲ್ಲಿ ದ್ವೀಪದಲ್ಲಿ ಉಳಿದಿದ್ದ ಮೂಲನಿವಾಸಿಗಳು ಕೇವಲ 111 ಮಂದಿ.

ಈ ಸಂಖ್ಯೆಯನ್ನು ವಿದ್ಯಾರ್ಥಿಗಳು ನೆನಪಿಡಬೇಕೆಂದು ಕೋರುತ್ತೇನೆ. ನಮ್ಮ ಒಂದು ಶಾಲೆಯ ಮಕ್ಕಳಿಗಿಂತ ಕಡಿಮೆ ಜನರ ಹೆಗಲ ಮೇಲೆ ಒಂದು ಇಡೀ ನಾಗರಿಕತೆಯ ನೆನಪು ಉಳಿದಿತ್ತು.

ಆ ದ್ವೀಪದಲ್ಲಿ ‘ರೊಂಗೊರೊಂಗೊ’ ಎಂಬ ಬರಹವಿತ್ತು. ಮರದ ಹಲಗೆಗಳ ಮೇಲೆ ಮನುಷ್ಯ, ಹಕ್ಕಿ, ಮೀನುಗಳಂಥ ಸಣ್ಣ ಚಿಹ್ನೆಗಳನ್ನು ಸಾಲುಸಾಲಾಗಿ ಕೆತ್ತುತ್ತಿದ್ದರು. ಒಂದು ಸಾಲು ಮುಗಿದೊಡನೆ ಹಲಗೆಯನ್ನು ತಲೆಕೆಳಗು ಮಾಡಿ ಮುಂದಿನ ಸಾಲನ್ನು ಓದಬೇಕಿತ್ತು. ಇಂದು ಈ ಬರಹವುಳ್ಳ ಎರಡು ಡಜನ್ನಿನಷ್ಟು ಮರದ ವಸ್ತುಗಳು ಮಾತ್ರ ಉಳಿದಿವೆ, ಎಲ್ಲವೂ ದ್ವೀಪದ ಹೊರಗೆ. ಅದನ್ನು ಓದಬಲ್ಲವರು ಇಂದು ಯಾರೂ ಇಲ್ಲ. ಪ್ರಪಂಚ ಇದನ್ನು ‘ಬಿಡಿಸಲಾಗದ ರಹಸ್ಯ’ ಎಂದು ಬಣ್ಣಿಸುತ್ತದೆ. ಆದರೆ ಓದಬಲ್ಲವರು ಇದ್ದರು. ಅವರನ್ನು ಹಿಡಿದೊಯ್ದು ಕೊಲ್ಲಲಾಯಿತು. ಇದರಲ್ಲಿ ನಿಗೂಢವಾದದ್ದು ಏನಿದೆ?

1888ರಲ್ಲಿ ಚಿಲಿ ದ್ವೀಪವನ್ನು ತನ್ನದಾಗಿಸಿಕೊಂಡಿತು. ನೆಲವನ್ನು ಕುರಿ ಸಾಕಣೆಗೆ ಗುತ್ತಿಗೆ ಕೊಡಲಾಯಿತು. ಹತ್ತಾರು ಸಾವಿರ ಕುರಿಗಳು ಇಡೀ ದ್ವೀಪದಲ್ಲಿ ಮೇಯುತ್ತಿದ್ದಾಗ, ನೆಲದ ಒಡೆಯರನ್ನು ಹಂಗಾ ರೋವಾ ಎಂಬ ಒಂದೇ ಹಳ್ಳಿಯಲ್ಲಿ ಗೋಡೆಯೊಳಗೆ ಕೂಡಿಹಾಕಲಾಯಿತು. ಅವರಿಗೆ ಪೌರತ್ವದ ಹಕ್ಕು ದೊರೆತದ್ದು 1966ರಲ್ಲಿ. ನೆಲದ ಹಸಿರು ಸವೆದದ್ದರಲ್ಲಿ ಕುರಿಗಳ ಪಾಲು ಕಡಿಮೆಯದಲ್ಲ. ಆದರೆ ಜನಪ್ರಿಯ ಕಥೆಯಲ್ಲಿ ಆ ಕುರಿಗಳಿಗೆ ಸಿಕ್ಕ ಜಾಗ ಅತ್ಯಲ್ಪ.

ನಮ್ಮ ಬೆಟ್ಟಗಳಲ್ಲಿ

ಕಾಡಿನ ಸಮೀಪ ಬದುಕುವ ಬಡವರ ಮೇಲೆ ಕಾಡಿನ ನಾಶದ ಹೊಣೆಯನ್ನು ಹೊರಿಸುವುದು ಸುಲಭ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಪಶ್ಚಿಮ ಘಟ್ಟದ ಕುಮರಿ ಬೇಸಾಯವನ್ನು ಕಾಡಿನ ಶತ್ರುವೆಂದು ಕರೆದು ನಿರ್ಬಂಧಿಸಿದರು. ಅದೇ ಶತಮಾನದಲ್ಲಿ ಹಡಗು ಕಟ್ಟಲೆಂದೂ ರೈಲು ಹಳಿಗಳ ಅಡಿಗೆಂದೂ ಇದೇ ಘಟ್ಟಗಳಿಂದ ಸಾಗಿಹೋದ ಮರಗಳಿಗೆ ಇಟ್ಟ ಹೆಸರು ‘ಆದಾಯ’. ಹಳ್ಳಿಗರು ಎಂದೂ ತಪ್ಪನ್ನೇ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ರಾಪಾ ನುಯಿಯ ರೈತನೂ ಮರ ಕಡಿದಿದ್ದಾನೆ. ಯಾರು ಎಷ್ಟು ಕಡಿದರು, ಯಾತಕ್ಕಾಗಿ ಕಡಿದರು, ಅನಂತರ ಯಾರು ಅದೇ ನೆಲದಲ್ಲಿ ನಿಂತು ಅದನ್ನು ಸರಿಪಡಿಸಲು ದುಡಿದರು ಎಂಬುದನ್ನು ಲೆಕ್ಕಹಾಕದೆ ತೀರ್ಪು ಕೊಡಬಾರದು ಎಂಬುದಷ್ಟೇ ನನ್ನ ಮಾತು.

ಇನ್ನು ಸ್ಮಾರಕಗಳ ವಿಷಯ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಯಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಪರಂಪರೆಗೆ ಸೇರಿದ ಎತ್ತರದ ನಿಲುಗಲ್ಲುಗಳಿವೆ. ಅವುಗಳಲ್ಲಿ ಕೆಲವು ಕಲ್ಲುಗಳ ಜೋಡಣೆ, ವರ್ಷದ ಅತಿ ದೀರ್ಘ ಮತ್ತು ಅತಿ ಹ್ರಸ್ವ ಹಗಲುಗಳಂದು ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತದೆಂದು ಸಂಶೋಧಕರು ತೋರಿಸಿದ್ದಾರೆ. ಆ ಊರಿನ ಹೆಸರೇ ಕಲ್ಲುಗಳನ್ನು ಇಂದಿಗೂ ಹೇಳುತ್ತಿದೆ. ಊರು ಇರುವವರೆಗೆ ಹೆಸರು ಇರುತ್ತದೆ. ಊರನ್ನೇ ಎಬ್ಬಿಸಿದರೆ?

ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಅದಕ್ಕಿಂತ ಹಿಂದಿನ, 1948ರ ಮಡೆನೂರು ಅಣೆಕಟ್ಟೆಯೂ ನೀರಿನಲ್ಲಿ ಮುಳುಗಿತು. ಜೊತೆಗೆ ಎಷ್ಟೋ ಊರುಗಳು, ಗದ್ದೆಗಳು, ದೇವರ ಬನಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಮಡೆನೂರಿನ ಕಟ್ಟೆ ಮೇಲೆದ್ದು ಕಾಣುತ್ತದೆ. ಅದನ್ನು ನೋಡಲು ಪ್ರವಾಸಿಗಳು ಹೋಗುತ್ತಾರೆ, ‘ಮುಳುಗಿದ ರಹಸ್ಯ’ವೆಂದು ಛಾಯಾಚಿತ್ರ ತೆಗೆಯುತ್ತಾರೆ. ಆ ನೆಲದಲ್ಲಿ ಉತ್ತು ಬಿತ್ತಿದವರು ಬೇರೆ ಕಡೆ ನೆಲೆ ಕಂಡು, ದಶಕಗಳ ಕಾಲ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆದಿದ್ದಾರೆ. ಯಾವ ಬನದಲ್ಲಿ ಯಾವ ದೇವರಿತ್ತು, ಯಾವ ಹೊಳೆಗೆ ಏನು ಹೆಸರಿತ್ತು ಎಂದು ಬಲ್ಲ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರೂ ಹೋದ ಮೇಲೆ ಅದು ನಿಜವಾಗಿಯೂ ರಹಸ್ಯವಾಗುತ್ತದೆ.

ರಾಪಾ ನುಯಿಯ ಜನರು ಇಂದು ಸುಮ್ಮನೆ ಕುಳಿತಿಲ್ಲ. 1995ರಲ್ಲಿ ವಿಶ್ವ ಪರಂಪರೆಯ ತಾಣವಾದ ತಮ್ಮ ರಾಷ್ಟ್ರೀಯ ಉದ್ಯಾನದ ಆಡಳಿತವನ್ನು ಅವರು 2017ರಲ್ಲಿ ತಮ್ಮದೇ ಸಮುದಾಯ ಸಂಸ್ಥೆಯ ಕೈಗೆ ಪಡೆದರು. 2018ರಲ್ಲಿ ಪ್ರವಾಸಿಗಳು ದ್ವೀಪದಲ್ಲಿ ತಂಗುವ ಅವಧಿಯನ್ನು 90 ದಿನಗಳಿಂದ 30 ದಿನಗಳಿಗೆ ಇಳಿಸುವ ಕಾನೂನು ಜಾರಿಗೆ ಬಂದಿತು. ನೆಲದ ಕಥೆಯನ್ನು ನೆಲದವರೇ ಹೇಳುವ ದಿಕ್ಕಿನಲ್ಲಿ ಇವು ಹೆಜ್ಜೆಗಳು.

ವಿದ್ಯಾರ್ಥಿ ಮಿತ್ರರೇ, ತಾವು ಪ್ರವಾಸ ಹೋಗಿ, ಕೋಟೆ ಗುಡಿಗಳನ್ನು ನೋಡಿ, ಬೆರಗಾಗಿ. ಆದರೆ ಸ್ಮಾರಕದ ಮುಂದೆ ನಿಂತಾಗ ಅದರ ಪಕ್ಕದ ಮನೆಯ ಬಾಗಿಲನ್ನೂ ತಟ್ಟಿ. ಈ ಬೇಸಿಗೆ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ನಿಮ್ಮ ಊರಿನ ಹಿರಿಯರ ಬಳಿ ಕುಳಿತುಕೊಳ್ಳಿ. ಪ್ರತಿ ಗದ್ದೆಯ, ಹಳ್ಳದ, ಬನದ, ಕಲ್ಲಿನ ಹೆಸರನ್ನು ಕೇಳಿ ಬರೆದುಕೊಳ್ಳಿ. ಹೇಳಿದ್ದು ನಂಬಲಾಗದಂತೆ ಕಂಡರೂ ಹೊಡೆದುಹಾಕಬೇಡಿ. ‘ನಡೆದು ಬಂದವು’ ಎಂಬ ಮಾತಿಗೆ ಜಗತ್ತು ಕಿವಿಗೊಡಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ನಮ್ಮ ಹಿರಿಯರಿಗೆ ಅಷ್ಟು ಕಾಲವಿಲ್ಲ.