ಕಾಗದ ಹೋಯಿತು, ಫೋನು ಬಂತು

ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಗೆ ಒಂದು ಕಾಲದಲ್ಲಿ ಮಗಳ ಸುದ್ದಿ ಬರುತ್ತಿದ್ದುದು ಇನ್‌ಲ್ಯಾಂಡ್ ಕಾಗದದಲ್ಲಿ. ಓದು ಬಾರದವಳು ಗಂಡನ ಮನೆಯವರ ಕೈಯಲ್ಲೇ ಬರೆಸಬೇಕು. ಅದರಲ್ಲಿ ಎಲ್ಲವೂ ‘ಕ್ಷೇಮ’! ಆದರೆ ಸ್ವಂತ ಕೈಯಿಂದ ಬರೆದದ್ದು ಉಳಿಯುತ್ತಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಶರದ್ ಸಾರ್ಡಾ ಮೊಕದ್ದಮೆಯಲ್ಲಿ, ಸತ್ತ ಹೆಂಡತಿ ಒಡಹುಟ್ಟಿದವಳಿಗೂ ಗೆಳತಿಗೂ ಬರೆದ ಕಾಗದಗಳೇ ಅವಳ ಪರವಾಗಿ ಮಾತಾಡಿದವು. ಆರೋಪಿ ಬಿಡುಗಡೆಯಾದ, ನಿಜ. ಅವಳ ಸಂಕಟ ಮಾತ್ರ ದಾಖಲೆಯಲ್ಲಿ ಉಳಿಯಿತು.

ಈಗ ಕೈಯಲ್ಲೇ ಫೋನು. ವರದಕ್ಷಿಣೆಯ ಬೇಡಿಕೆಯೂ ಅದರಲ್ಲೇ ಬರುತ್ತದೆ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದನ್ನು ಗಂಡ ಅಳಿಸುತ್ತಾನೆ, ಕಡೆಗೆ ಫೋನನ್ನೇ ಕಸಿಯುತ್ತಾನೆ. ಹಾಗಾದರೆ ಈ ಯಂತ್ರ ಯಾರದು?

ಹಿರಿಯೂರಿನ ಈ ಸಭೆಯಲ್ಲಿ ನಾನು ಕೇಳುವುದಿಷ್ಟೆ: ಬಂದ ಸಂದೇಶ ಅಳಿಸಬೇಡಿ, ನಂಬಿದವಳಿಗೂ ಕಳಿಸಿಡಿ. 2023ರ ಸಾಕ್ಷ್ಯ ಕಾಯ್ದೆ ಅದನ್ನು ಪ್ರಮಾಣಪತ್ರದೊಂದಿಗೆ ಒಪ್ಪುತ್ತದೆ. ಮತ್ತೆ, ಸಹಾಯವಾಣಿ 181 ಬಾಯಿಪಾಠವಿರಲಿ. ಅದನ್ನು ಯಾರೂ ಕಸಿಯಲಾರರು.