ಇಬ್ಬರ ಕಾಯಿಲೆ, ಒಬ್ಬರಿಗೆ ಮದ್ದು

ಬಿಳಿಸೆರಗು ಎಂದು ಹೇಳಿಕೊಂಡು ಬರುವ ಹೆಂಗಸಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹಸಿರು ಬಣ್ಣದ ಕಿಟ್ ಕೊಡುವ ಪದ್ಧತಿ ಬೆಳೆದುಬಂದಿದೆ. ಅದರೊಳಗೆ 2 ಗ್ರಾಂ ಸೆಕ್ನಿಡಜೋಲ್, 150 ಮಿಲಿಗ್ರಾಂ ಫ್ಲೂಕೊನಜೋಲ್. ಎರಡನ್ನೂ ಒಂದೇ ಸಲ ನುಂಗಿದರೆ ಮುಗಿಯಿತು. ಟ್ರೈಕೊಮೊನಸ್ ಎಂಬ ಪರಾವಲಂಬಿ, ಕ್ಯಾಂಡಿಡಾ ಶಿಲೀಂಧ್ರ, ಯೋನಿಯ ಸಹಜ ಬ್ಯಾಕ್ಟೀರಿಯಾ ಕುಗ್ಗಿ ಬೇರೆಯವು ಮೇಲುಗೈ ಪಡೆಯುವ ಬ್ಯಾಕ್ಟೀರಿಯಲ್ ವಜೈನೋಸಿಸ್, ಈ ಮೂರಕ್ಕೂ ಅದರಲ್ಲಿ ಮದ್ದಿದೆ. ಆದರೂ ಎಷ್ಟೋ ಹೆಂಗಸರಿಗೆ ಕೆಲವೇ ತಿಂಗಳಲ್ಲಿ ತೊಂದರೆ ಮರುಕಳಿಸುತ್ತದೆ. ಆಗ ಮಾತ್ರೆಯನ್ನು ದೂರುತ್ತೇವೆ, ಇಲ್ಲವೇ ಶುಚಿಯಾಗಿರು ಎಂದು ಆಕೆಗೇ ಬುದ್ಧಿ ಹೇಳುತ್ತೇವೆ. ಗಂಡನ ಹೆಸರಿನಲ್ಲಿ ಬರೆಯದೇ ಬಿಟ್ಟ ಚೀಟಿಯ ಕಡೆಗೆ ನಮ್ಮ ಗಮನ ಹೋಗುವುದೇ ಇಲ್ಲ.

ಟ್ರೈಕೊಮೊನಸ್ ವಿಷಯದಲ್ಲಿ ತಕರಾರಿಲ್ಲ. 2020ರಲ್ಲಿ ಜಗತ್ತಿನಲ್ಲಿ ಈ ಸೋಂಕು ಹೊಸದಾಗಿ ತಗುಲಿದ್ದು 15.6 ಕೋಟಿ ಬಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬಹುತೇಕ ಗಂಡಸರಿಗೆ ಇದರ ಲಕ್ಷಣವೇ ಇರುವುದಿಲ್ಲ. ತಾನು ಗಟ್ಟಿಯಾಗಿದ್ದೇನೆ ಎಂದುಕೊಂಡವನಿಂದಲೇ ಸೋಂಕು ಹೆಂಡತಿಗೆ ಮರಳುತ್ತದೆ. ಚರ್ಚೆ ಇದ್ದದ್ದು ವಜೈನೋಸಿಸ್ ಬಗ್ಗೆ. ಗಂಡಸರಿಗೆ ಬರಿಯ ಮಾತ್ರೆ ಕೊಟ್ಟು ನೋಡಿದ ಹಳೆಯ ಪ್ರಯೋಗಗಳಲ್ಲಿ ಫಲ ಕಾಣದೆ, ಇದು ಹೆಂಗಸಿನದಷ್ಟೇ ಸಮಸ್ಯೆ ಎಂಬ ತೀರ್ಮಾನ ಪಠ್ಯಪುಸ್ತಕ ಸೇರಿತು. ಆದರೆ ಈ ಬ್ಯಾಕ್ಟೀರಿಯಾ ಶಿಶ್ನದ ಚರ್ಮದ ಮೇಲೂ ನೆಲೆಸುತ್ತವೆ. ಇದನ್ನು ಗಮನದಲ್ಲಿಟ್ಟುಕೊಂಡ ಆಸ್ಟ್ರೇಲಿಯಾದ ಸಂಶೋಧಕರು ಏಕಸಂಗಾತಿ ದಂಪತಿಗಳಲ್ಲಿ ಗಂಡಸರಿಗೆ ದಿನಕ್ಕೆರಡು ಬಾರಿ 400 ಮಿಲಿಗ್ರಾಂ ಮೆಟ್ರೊನಿಡಜೋಲ್ ಮಾತ್ರೆಯ ಜೊತೆಗೆ ಹಚ್ಚಿಕೊಳ್ಳಲು ಕ್ಲಿಂಡಾಮೈಸಿನ್ ಕ್ರೀಮನ್ನೂ 7 ದಿನ ಕೊಟ್ಟರು. 2025ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹೆಂಗಸರಿಗೆ ಮಾತ್ರ ಚಿಕಿತ್ಸೆಯಾದ ಕಡೆ 12 ವಾರದೊಳಗೆ ನೂರಕ್ಕೆ 63 ಮಂದಿಗೆ ರೋಗ ಮರುಕಳಿಸಿತು, ಇಬ್ಬರಿಗೂ ಆದ ಕಡೆ 35 ಮಂದಿಗೆ. ಅಂತರ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಹೀಗೆ ಎಲ್ಲರಿಗೂ ಔಷಧಿ ಹಂಚಿದರೆ ರೋಗಾಣುಗಳು ಮದ್ದಿಗೆ ಮಣಿಯದಂತಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಗೊನೋರಿಯಾ ಪೆನಿಸಿಲಿನ್ನನ್ನೂ ಸಿಪ್ರೊಫ್ಲಾಕ್ಸಸಿನ್ನನ್ನೂ ದಾಟಿ ಬೆಳೆದ ಚರಿತ್ರೆ ನಮ್ಮ ಮುಂದಿದೆ. ಆದ್ದರಿಂದಲೇ ಮೊದಲು ಪರೀಕ್ಷೆಯಾಗಬೇಕು. ಸ್ರಾವವನ್ನು ಒಂದು ಹನಿ ಸಲೈನ್ ಜೊತೆ ಗಾಜಿನ ಪಟ್ಟಿಯ ಮೇಲಿಟ್ಟು ಆಗಲೇ ಸೂಕ್ಷ್ಮದರ್ಶಕದಡಿ ನೋಡಿದರೆ ಬಾಲ ಬೀಸುತ್ತ ಈಜುವ ಟ್ರೈಕೊಮೊನಸ್ ಎಷ್ಟೋ ಬಾರಿ ಕಣ್ಣಿಗೇ ಬೀಳುತ್ತದೆ. ತಡಮಾಡಿದರೆ ಅದರ ಚಲನೆ ನಿಲ್ಲುತ್ತದೆ. ಕ್ಯಾಂಡಿಡಾ ಎಂದು ತಿಳಿದರೆ ಲಕ್ಷಣವಿಲ್ಲದ ಗಂಡನಿಗೆ ಮದ್ದು ಬೇಡ. ಹೆಂಡತಿ ಬಸುರಿಯಾಗಿದ್ದರೆ ಫ್ಲೂಕೊನಜೋಲ್ ಬಿಟ್ಟು ಒಳಗಿಡುವ ಕ್ಲೊಟ್ರಿಮಜೋಲ್ ಸಾಕು. ಸಹಜ ಸ್ರಾವವೇ ಆಗಿದ್ದರೆ ಯಾರಿಗೂ ಏನೂ ಬೇಡ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ: ಗಂಡನನ್ನು ಕರೆಸಿದರೆ ಮನೆಯಲ್ಲಿ ಅನುಮಾನ, ಹೊಡೆತ. ಈ ಭಯ ಸುಳ್ಳಲ್ಲ, ಹಾಗಾಗಿ ಆಕೆಯ ಒಪ್ಪಿಗೆಯಿಲ್ಲದೆ ಯಾರನ್ನೂ ಕರೆಸಬಾರದು. ಆದರೆ ಅನುಮಾನ ಬೆಳೆಯುವುದು ಅರೆಬರೆ ತಿಳಿವಳಿಕೆಯಲ್ಲಿ. ಟ್ರೈಕೊಮೊನಸ್ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಯಾರಿಂದ ಯಾವಾಗ ಬಂತೆಂದು ಹೇಳಲಾಗದು. ವಜೈನೋಸಿಸ್ ಅಂತೂ ಪರಸಂಗಕ್ಕೆ ಸಾಕ್ಷಿಯೇ ಅಲ್ಲ. ಇಷ್ಟನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. 1989ರಲ್ಲಿ ಡಾ. ರಾಣಿ ಬಂಗ್ ಅವರ ತಂಡ ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತ್ರೀರೋಗ ಅಥವಾ ಲೈಂಗಿಕ ರೋಗ ಇದ್ದವರು ನೂರಕ್ಕೆ 92. ಅದಕ್ಕೂ ಮುಂಚೆ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಾತ್ರ. ಅಷ್ಟು ಸಂಕೋಚ ದಾಟಿ ಬಾಗಿಲಿಗೆ ಬಂದವಳಿಗೆ ಆ ಐದು ನಿಮಿಷ ಕೊಡಿ, ಆಕೆ ಒಪ್ಪಿದರೆ ಎರಡನೆಯ ಚೀಟಿಯನ್ನೂ ಬರೆಯಿರಿ ಎಂದು ವೈದ್ಯಮಿತ್ರರನ್ನು ಬೇಡಿಕೊಳ್ಳುತ್ತೇನೆ.